ತಾಳ್ಯದಲ್ಲಿ ಎಷ್ಟು ಅಕ್ಷರ?

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಎಂಬ ಊರಿನ ಹೆಸರಿನಲ್ಲಿ ಎಷ್ಟು ಅಕ್ಷರ? ಒತ್ತಕ್ಷರ ಕಲಿತ ಯಾವ ಮಗುವೂ ಎರಡು ಎನ್ನುತ್ತದೆ: ತಾ, ಳ್ಯ. ಜಾವಾಸ್ಕ್ರಿಪ್ಟಿನ ‘ಲೆಂತ್’ ಐದು ಎನ್ನುತ್ತದೆ. ಅದು ಎಣಿಸುವುದು ಸಂಕೇತಗಳನ್ನು, ಇರಲಿ. ಅಕ್ಷರಗಳನ್ನೇ ಬಿಡಿಸಿ ಕೊಡಲು ಬಂದ ‘ಸೆಗ್ಮೆಂಟರ್’ ಕೂಡ ಮೂರು ಎನ್ನುತ್ತದೆ: ತಾ, ಳ್, ಯ.

2023ರಲ್ಲಿ ಯೂನಿಕೋಡ್ 15.1 ಒತ್ತಕ್ಷರವನ್ನು ಒಡೆಯಬಾರದೆಂಬ ನಿಯಮ ತಂದಿತು. ಯಾರಿಗೆ? ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಇದೇ ತಾಳ್ಯವನ್ನು ತೆಲುಗು ಲಿಪಿಯಲ್ಲಿ ಬರೆದರೆ ಎರಡೇ ಅಕ್ಷರ!

ಇದು ತಂತ್ರಜ್ಞರ ತಕರಾರು ಎಂದು ಸಾಹಿತ್ಯದವರು ಕೈತೊಳೆದುಕೊಳ್ಳುವಂತಿಲ್ಲ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬುದು ಛಂದಸ್ಸಿನ ಮೊದಲ ಪಾಠ. ಒತ್ತಕ್ಷರವನ್ನೇ ಕಾಣದ ಯಂತ್ರ ಗಣ ಹೇಗೆ ಹಾಕೀತು? ಪದಬಂಧದಲ್ಲಿ ‘ಳ್ಯ’ಕ್ಕೆ ಎರಡು ಮನೆ ಕೊಡುವುದೇ? ಅಳಿಸುವಾಗ ಒತ್ತು ಮಾತ್ರ ಹೋಗಬೇಕಲ್ಲ ಎನ್ನುವವರಿದ್ದಾರೆ. ಅಳಿಸುವ ಕೀಲಿಗೆ ಬೇರೆ ನಡೆ ಇರಬಹುದೆಂದು ಯೂನಿಕೋಡೇ ಒಪ್ಪುತ್ತದೆ. ಎಣಿಕೆಯ ತಪ್ಪಿಗೆ ಅದು ನೆಪವಾಗದು.

ಫಾಂಟು, ಕೀಲಿಮಣೆಗಳಿಗಾಗಿ ವರ್ಷಗಟ್ಟಲೆ ಜಗಳವಾಡಿದೆವು. ಈಗ ಬೇಕಿರುವುದು ಒಂದು ಪಟ್ಟಿಯಲ್ಲಿ ಇನ್ನೊಂದು ಹೆಸರು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಅದನ್ನು ಬರೆದು ಕೇಳಲಿ. ಕನ್ನಡದಲ್ಲಿ ಅಕ್ಷರ ಯಾವುದೆಂದು ಹೇಳಬೇಕಾದವರು ಅವರಲ್ಲದೆ ಮತ್ತಾರು?