ಜೀವಕೋಶದೊಳಗಿನ ಕೆಂಪು ಮಣಿ

ಕೊರಳಲ್ಲಿಯೋ ಕಂಕುಳಲ್ಲಿಯೋ ನೋವಿಲ್ಲದ ಗಂಟೊಂದು ತಲೆದೋರಿ, ವಾರಗಳು ಕಳೆದರೂ ಕರಗದಿದ್ದಾಗ ವೈದ್ಯರು ಅದನ್ನು ತೆಗೆದು ಪರೀಕ್ಷೆಗೆ ಕಳುಹಿಸುವುದುಂಟು. 'ಲಿಂಫೋಮಾ', ಎಂದರೆ ದುಗ್ಧಗ್ರಂಥಿಯ ಅರ್ಬುದವಿರಬಹುದೆಂದು ತಿಳಿಸಿ, ಇನ್ನೂ ಕೆಲವು ಪರೀಕ್ಷೆ ಆಗಬೇಕೆಂದಾಗ ಮನೆಯವರು ಕಂಗೆಡುವುದು ಸಹಜ. ಆ ವಿಳಂಬದ ಹಿಂದಿರುವ ಒಂದು ಸಂಗತಿಯನ್ನು ವಾಚಕಬಂಧುಗಳ ಮುಂದಿಡಬಯಸುತ್ತೇನೆ.

1890ರಲ್ಲಿ ಎಡಿನ್‌ಬರೋದ ರೋಗಶಾಸ್ತ್ರಜ್ಞ ವಿಲಿಯಂ ರಸೆಲ್, ಅರ್ಬುದದ ಅಂಗಾಂಶಕ್ಕೆ ಫುಕ್ಸಿನ್ ಎಂಬ ಬಣ್ಣವನ್ನೂಡಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದುಂಡನೆಯ ಕೆಂಪು ಮಣಿಗಳು ಕಂಡುವು. ಅರ್ಬುದಕ್ಕೆ ಮೂಲವಾದ ಶಿಲೀಂಧ್ರವೇ ಇದೆಂದು ಆತನು ಭಾವಿಸಿದನು. ರೋಗಾಣುಗಳ ಶೋಧ ಭರದಿಂದ ಸಾಗಿದ್ದ ಕಾಲವದು; ಊಹೆ ಅಸಂಗತವೇನಲ್ಲ. ಆದರೆ ಆ ಮಣಿ ಹೊರಗಿನಿಂದ ಬಂದ ಜೀವಿಯಾಗಿರಲಿಲ್ಲ. ದೇಹರಕ್ಷಣೆಗಾಗಿ ಪ್ರತಿಕಾಯವೆಂಬ ಪ್ರೋಟೀನನ್ನು ತಯಾರಿಸುವ ಪ್ಲಾಸ್ಮಾ ಕೋಶವು, ತಯಾರಿಸಿದ್ದನ್ನು ಹೊರಹಾಕಲಾರದಾದಾಗ ಅದು ಒಳಗೇ ಶೇಖರವಾಗುತ್ತದೆ. ಬಾಯಿ ಕಟ್ಟಿದ ಕಣಜಕ್ಕೆ ಕಾಳು ಸುರಿಯುತ್ತಲೇ ಇದ್ದಂತೆ. ಇದು ದೀರ್ಘಕಾಲದ ಸಾಮಾನ್ಯ ಉರಿಯೂತದಲ್ಲಿಯೂ ಕಾಣುವುದರಿಂದ, ಮಣಿಯೊಂದನ್ನೇ ನೋಡಿ ಅರ್ಬುದವೆನ್ನಲಾಗದು. ಆದರೂ 'ರಸೆಲ್ ಕಾಯ'ವೆಂಬ ಹೆಸರು ಉಳಿದುಕೊಂಡಿತು!

1959ರಲ್ಲಿ ಡಚರ್ ಮತ್ತು ಫಾಹೆ ಎಂಬುವರು ವರ್ಣಿಸಿದ ಮಣಿ ಇನ್ನೂ ವಿಚಿತ್ರವಾದುದು. ಅದು ಕೋಶಕೇಂದ್ರದ ಒಳಗಿರುವಂತೆ ತೋರುತ್ತದೆ. ವಾಸ್ತವದಲ್ಲಿ ಹೊರಗಿನ ಕೋಶರಸವೇ ಕೇಂದ್ರದೊಳಕ್ಕೆ ಒತ್ತಿಕೊಂಡಿರುತ್ತದೆ. ಸ್ವೀಡನ್ನಿನ ವೈದ್ಯ ವಾಲ್ಡೆನ್‌ಸ್ಟ್ರೋಮ್ 1944ರಲ್ಲಿ ವಿವರಿಸಿದ ರೋಗದಲ್ಲಿ ಇದು ಕಂಡುಬರುತ್ತದೆ.

ಎಲ್ಲಕ್ಕಿಂತ ಅಪಾಯದ ಭ್ರಮೆ ಬೇರೊಂದಿದೆ. 1978ರಲ್ಲಿ ಕಿಮ್, ಡಾರ್ಫ್‌ಮನ್, ರಾಪಪೋರ್ಟ್ ಎಂಬ ಮೂವರು ಅಪರೂಪದ ಲಿಂಫೋಮಾವೊಂದನ್ನು ವರದಿ ಮಾಡಿದರು. ಅದರಲ್ಲಿ ಕೋಶದೊಳಗೆ ತುಂಬಿದ ವಸ್ತುವು ಕೇಂದ್ರವನ್ನು ಅಂಚಿಗೆ ತಳ್ಳುವುದರಿಂದ ಕೋಶವು ಮುದ್ರೆಯುಂಗುರದಂತೆ ಕಾಣುತ್ತದೆ. ಜಠರದ ಒಂದು ಬಗೆಯ ಅರ್ಬುದದ ಕೋಶಗಳೂ, ಲೋಳೆ ತುಂಬಿ, ಥೇಟು ಹಾಗೆಯೇ ಇರುತ್ತವೆ. ಚಿಕಿತ್ಸೆಯಾದರೋ ಬೇರೆ ಬೇರೆ: ಜಠರದ ಅರ್ಬುದಕ್ಕೆ ಅನೇಕ ವೇಳೆ ಶಸ್ತ್ರಕ್ರಿಯೆ ಬೇಕು, ನಿಧಾನಗತಿಯ ಲಿಂಫೋಮಾಕ್ಕೆ ಔಷಧಿ ಸಾಕಾಗಬಹುದು, ಕೆಲವರಲ್ಲಿ ಬರಿಯ ನಿಗಾ. ಆದುದರಿಂದ ಕಣ್ಣನ್ನೇ ನಂಬದೆ, ಬಿ ಕೋಶದ ಲಿಂಫೋಮಾದಲ್ಲಿರುವ ಸಿಡಿ-20, ಜಠರದ ಅರ್ಬುದದಲ್ಲಿರುವ ಕೆರಾಟಿನ್, ಇವುಗಳನ್ನು ವಿಶೇಷ ಬಣ್ಣಗಳಿಂದ ಪತ್ತೆಮಾಡುತ್ತಾರೆ. ಕೆಲವು ದಿನ ಹಿಡಿಯುವುದು ಇದಕ್ಕೇ.

ತೆಗೆದ ಅಂಗಾಂಶವನ್ನು ಮೇಣದ ಗಟ್ಟಿಯಲ್ಲಿ ಕಾಪಾಡಿರುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವವರು ವರದಿಯ ಕಾಗದವನ್ನಷ್ಟೇ ಒಯ್ಯದೆ, ಆ ಮೇಣದ ಗಟ್ಟಿಯನ್ನೂ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆದುಕೊಂಡು ಹೋಗತಕ್ಕದ್ದು.