ಸರಕಿನ ಹೆಸರೂ ಸಾಹಿತ್ಯದ ಸ್ಮೃತಿಯೂ

ಪ್ರಪಂಚದ ಯಾವ ಪಟ್ಟಣಕ್ಕೆ ಹೋದರೂ ಒಂದೇ ಹೆಸರಿನಿಂದ, ಒಂದೇ ವರ್ಣದಿಂದ, ಒಂದೇ ರುಚಿಯಿಂದ ಎದುರಾಗುವ ಸರಕುಗಳನ್ನು ಕುರಿತು ಸಾಹಿತ್ಯವು ವಿಚಾರಮಾಡುವುದು ಉಚಿತವೇ ಎಂಬ ಪ್ರಶ್ನೆಗೆ, ರಸಾನುಭವವೇ ಕಾವ್ಯದ ಪ್ರಯೋಜನವಾದುದರಿಂದ ಸಂತೆಯ ವ್ಯವಹಾರ ಅದಕ್ಕೆ ಸಲ್ಲದೆಂದು ಕೆಲವರೂ, ಬಲಿಷ್ಠರನ್ನು ಖಂಡಿಸುವುದೇ ಅದರ ಧರ್ಮವೆಂದು ಕೆಲವರೂ ಉತ್ತರ ಹೇಳುವುದುಂಟು. ಎರಡೂ ಅರ್ಧಸತ್ಯವೆಂದೇ ನನ್ನ ಮತ. ಪ್ರಸಿದ್ಧವಾದ ಸರಕಿನ ಹೆಸರಿಗಿರುವ ನಿಜವಾದ ಶಕ್ತಿಯೆಂದರೆ ಆ ಸರಕಿನ ಹುಟ್ಟನ್ನು ಮರೆಯಿಸುವ ಶಕ್ತಿ. ಅದು ಯಾರ ನೆಲದಲ್ಲಿ ಬೆಳೆಯಿತು, ಯಾರ ಬೆವರಿನಿಂದ ಸಿದ್ಧವಾಯಿತು ಎಂಬ ವೃತ್ತಾಂತವು ಕೊಳ್ಳುವವನ ಕಣ್ಣಿಗೆ ಬೀಳದಂತೆ ಆ ಹೆಸರು ಅಡ್ಡವಾಗಿ ನಿಲ್ಲುತ್ತದೆ. ಮರೆತುದನ್ನು ಮರಳಿ ನೆನಪಿಗೆ ತರುವುದು ಸಾಹಿತ್ಯದ ಸಹಜಕಾರ್ಯವಾದುದರಿಂದ, ಈ ವಿಷಯದಲ್ಲಿ ಅದಕ್ಕೆ ಅಧಿಕಾರವೂ ಉಂಟು, ಹೊಣೆಯೂ ಉಂಟು.

ಇದಕ್ಕೆ ಲ್ಯಾಟಿನ್ ಅಮೆರಿಕದ ಬಾಳೆಹಣ್ಣಿಗಿಂತ ಸ್ಪಷ್ಟವಾದ ನಿದರ್ಶನ ದೊರೆಯದು. 1899ರಲ್ಲಿ ಸ್ಥಾಪಿತವಾಗಿ, ಬಾಸ್ಟನ್ನಿನಿಂದ ಆಡಳಿತ ನಡೆಸುತ್ತಿದ್ದ ಯುನೈಟೆಡ್ ಫ್ರೂಟ್ ಕಂಪನಿಯು ಆ ಸೀಮೆಯ ಹಲವು ದೇಶಗಳಲ್ಲಿ ಭೂಮಿಯನ್ನೂ ರೈಲುಮಾರ್ಗಗಳನ್ನೂ ಬಂದರುಗಳನ್ನೂ ಕೈವಶಮಾಡಿಕೊಂಡು ಸರ್ಕಾರಗಳನ್ನೇ ಬಗ್ಗಿಸಬಲ್ಲ ಶಕ್ತಿಯಾಗಿ ಬೆಳೆದಿತ್ತು. ಕೊಲಂಬಿಯಾದ ತೋಟಗಳಲ್ಲಿ ಕೂಲಿಯನ್ನು ಹಣಕ್ಕೆ ಬದಲಾಗಿ ಚೀಟಿಗಳ ರೂಪದಲ್ಲಿ ಕೊಡುವ ಪದ್ಧತಿಯಿತ್ತು; ಆ ಚೀಟಿಗಳು ಕಂಪನಿಯ ಮಳಿಗೆಯಲ್ಲಲ್ಲದೆ ಬೇರೆಲ್ಲಿಯೂ ನಡೆಯುತ್ತಿರಲಿಲ್ಲ; ಹಣ್ಣನ್ನು ಉತ್ತರಕ್ಕೆ ಒಯ್ದ ಹಡಗುಗಳು ಬರಿದಾಗಿ ಮರಳಬಾರದೆಂದು ಅಲ್ಲಿಂದ ತುಂಬಿ ತಂದ ಸರಕೇ ಆ ಮಳಿಗೆಯಲ್ಲಿರುತ್ತಿತ್ತು. ಹೀಗೆ ಕೂಲಿಗಾರನು ದುಡಿದುದೂ ಕಂಪನಿಗೆ, ಉಂಡುದೂ ಕಂಪನಿಯದನ್ನೇ. ಚೀಟಿಗಳು ನಿಲ್ಲಬೇಕು, ವಾರವಾರವೂ ಹಣ ಸಿಗಬೇಕು ಎಂಬ ಬೇಡಿಕೆಗಳೊಡನೆ ಮುಷ್ಕರ ಹೂಡಿದವರ ಮೇಲೆ 1928ರ ಡಿಸೆಂಬರ್‌ನಲ್ಲಿ ಸಿಯೆನಗ ಎಂಬ ಊರಿನ ರೈಲುನಿಲ್ದಾಣದ ಬಳಿ ಸೈನ್ಯವು ಗುಂಡು ಹಾರಿಸಿತು. ಸತ್ತವರು 47 ಮಂದಿಯೆಂದು ಸೇನಾಧಿಪತಿ ಹೇಳಿದನು; ಅದಕ್ಕಿಂತ ಬಹಳ ಹೆಚ್ಚೆಂದು ಜನ ಹೇಳಿದರು.

ಆ ಪ್ರಾಂತದ ಅರಕಟಾಕದಲ್ಲಿ ಹುಟ್ಟಿ ಬಾಲ್ಯವನ್ನು ಕಳೆದ ಗಾರ್ಸಿಯಾ ಮಾರ್ಕೆಸ್ 1967ರಲ್ಲಿ ಪ್ರಕಟಿಸಿದ ‘ನೂರು ವರ್ಷಗಳ ಏಕಾಂತ’ ಕಾದಂಬರಿಯಲ್ಲಿ ಈ ಹತ್ಯೆಯನ್ನು ಚಿತ್ರಿಸಿದನು. ಗುಂಡಿನೇಟುಗಳ ನಡುವೆ ಬಿದ್ದ ಹೋಸೆ ಅರ್ಕಾಡಿಯೊ ಸೆಗುಂಡೊ ಎಚ್ಚೆತ್ತಾಗ ಕತ್ತಲೆಯ ರೈಲುಗಾಡಿಯಲ್ಲಿ ಹೆಣಗಳ ಮೇಲೆ ಮಲಗಿರುತ್ತಾನೆ. ಬಾಳೆಗೊನೆಗಳನ್ನು ಒಟ್ಟುವ ಕ್ರಮದಲ್ಲೇ ಒಟ್ಟಿದ ಆ ಹೆಣಗಳು ಸಮುದ್ರದ ಪಾಲಾಗಲಿಕ್ಕೆ ಸಾಗಿರುತ್ತವೆ. ಅವನು ಹಾರಿ ಪಾರಾಗಿ ಊರಿಗೆ ಬಂದು, ಮೂರು ಸಾವಿರ ಜನ ಸತ್ತಿರಬೇಕೆಂದು ಹೇಳಿದರೆ, ಇಲ್ಲಿ ಯಾರೂ ಸತ್ತಿಲ್ಲವೆಂಬ ಉತ್ತರವೇ ಹೋದ ಕಡೆಯೆಲ್ಲ ದೊರೆಯುತ್ತದೆ. ಆ ಸಂಖ್ಯೆಯನ್ನು ಇತಿಹಾಸಕಾರನು ಒಪ್ಪಬೇಕಾಗಿಲ್ಲ. ಆದರೆ ಕೊಲೆಗಿಂತಲೂ ಘೋರವಾದುದು ಕೊಲೆಯ ಮರೆವೆಂಬ ಸತ್ಯವನ್ನು ಯಾವ ವರದಿಯೂ ಇಷ್ಟು ಮನಮುಟ್ಟುವಂತೆ ತಿಳಿಸಲಾರದು. ಇದಕ್ಕೂ ಮೊದಲೇ, ಚಿಲಿಯ ಪಾಬ್ಲೋ ನೆರೂಡ 1950ರ ‘ಕಾಂಟೋ ಜನರಲ್’ನಲ್ಲಿ ಆ ಕಂಪನಿಯ ಹೆಸರನ್ನೇ ಶೀರ್ಷಿಕೆಯಾಗಿಟ್ಟು ಬರೆದ ಕವಿತೆಯು, ಸೃಷ್ಟಿಕಥೆಯ ಗಂಭೀರ ಧಾಟಿಯಲ್ಲಿ ಭೂಮಿಯು ಕಂಪನಿಗಳಿಗೆ ಹಂಚಿಹೋದ ವಾರ್ತೆಯಿಂದ ಆರಂಭವಾಗಿ, ಬಂದರಿನಲ್ಲಿ ಸತ್ತುಬಿದ್ದ ಹೆಸರಿಲ್ಲದ ಕೂಲಿಗಾರನಲ್ಲಿ ಮುಗಿಯುತ್ತದೆ.

ಇಂಥ ವಿಮರ್ಶೆ ಪರದೇಶದ್ವೇಷಕ್ಕೆ ಎಡೆಗೊಡದೇ ಎಂದು ಶಂಕಿಸುವವರಿಗೆ ಈ ಲೇಖಕರೇ ಸಮಾಧಾನ ಹೇಳಿದ್ದಾರೆ. ನೆರೂಡನು ಅಮೆರಿಕದ ವಿಟ್ಮನನನ್ನು ಆರಾಧಿಸಿದವನು. ಮಾರ್ಕೆಸನು ಅದೇ ದೇಶದ ಫಾಕ್ನರನ ಋಣವನ್ನು ಮುಕ್ತಕಂಠದಿಂದ ಒಪ್ಪಿಕೊಂಡವನು. ನೆರೂಡನ ಕವಿತೆಯಲ್ಲಿ ನೊಣಗಳಾಗಿ ಮುತ್ತುವವರು ಆ ಸೀಮೆಯ ಸರ್ವಾಧಿಕಾರಿಗಳೇ. ಮಾರ್ಕೆಸನ ಕಥೆಯಲ್ಲಿ ಗುಂಡು ಹಾರಿಸುವವರು ಸ್ವದೇಶದ ಸೈನಿಕರೇ. ಸಂಸ್ಕೃತಿಗಳ ಕೊಳುಕೊಡೆ ಬೇರೆ, ಆಕ್ರಮಣ ಬೇರೆ: ಮೊದಲನೆಯದರಲ್ಲಿ ಪಡೆದವನು ತನ್ನ ಮಾತನ್ನು ಇನ್ನಷ್ಟು ಸಮರ್ಥವಾಗಿ ಆಡಬಲ್ಲವನಾಗುತ್ತಾನೆ, ಎರಡನೆಯದರಲ್ಲಿ ಅವನು ಬರಿಯ ಗಿರಾಕಿಯಾಗಿ ಉಳಿಯುತ್ತಾನೆ. ಈ ಆಕ್ರಮಣವು ಮಕ್ಕಳ ಓದಿನೊಳಕ್ಕೂ ಹೊಕ್ಕಿದೆಯೆಂದು ಏರಿಯಲ್ ಡಾರ್ಫ್‌ಮನ್ ಮತ್ತು ಅರ್ಮಾನ್ ಮ್ಯಾಟೆಲಾರ್ 1971ರಲ್ಲಿ ಚಿಲಿಯಲ್ಲಿ ಹೊರತಂದ ಡೊನಾಲ್ಡ್ ಡಕ್ ವಿಮರ್ಶೆಯಲ್ಲಿ ವಾದಿಸಿದರು; ಆ ಚಿತ್ರಕಥೆಗಳಲ್ಲಿ ದೂರದ ನಾಡುಗಳ ನಿಧಿಯುಂಟು, ದುಡಿದು ಅದನ್ನು ಉಂಟುಮಾಡಿದವರು ಇಲ್ಲ. 1973ರಲ್ಲಿ ಸೈನ್ಯವು ಅಧಿಕಾರವನ್ನು ಕಿತ್ತುಕೊಂಡ ಮೇಲೆ ಆ ಪುಸ್ತಕದ ಪ್ರತಿಗಳನ್ನು ಸುಟ್ಟರು.

ಕವಿತೆಯು ಕಂಪನಿಯನ್ನು ಮುಚ್ಚಿಸಲಾರದು. ಆ ಬಾಳೆಹಣ್ಣು ಚಿಕೀಟಾ ಎಂಬ ಹೆಸರಿನಿಂದ ಇಂದಿಗೂ ಮಾರಾಟವಾಗುತ್ತಿದೆ. ಆದರೂ ಸಿಯೆನಗದಲ್ಲಿ ಸತ್ತವರನ್ನು ದೂರದೇಶದ ಓದುಗರು ಇಂದು ಬಲ್ಲರೆಂದರೆ ಅದು ಬಹುಮಟ್ಟಿಗೆ ಒಂದು ಕಾದಂಬರಿಯ ಉಪಕಾರ. ಕನ್ನಡದಲ್ಲಿ ಬರೆಯುವವರೂ ಓದುವವರೂ ತಮ್ಮ ಮನೆಗೆ ಬರುವ ಸರಕಿನ ಹೆಸರಿನಿಂದಲೇ ತೃಪ್ತರಾಗದೆ, ಅದರ ಹಿಂದಿರುವ ನೆಲವನ್ನೂ ಜನವನ್ನೂ ವಿಚಾರಿಸುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಆ ವಿಚಾರಣೆಯಿಂದ ನಮ್ಮ ಸಾಹಿತ್ಯಕ್ಕೆ ಬಲವೇ ಬಂದೀತು.