ಮೇಳದ ಪರಿಚಯ ಮೇಳ ಬಲ್ಲವರ ಬಾಯಲ್ಲೇ ಆಗಲಿ

ನಮ್ಮ ಊರುಗಳ ಸರ್ಕಾರಿ ಸಮಾರಂಭಕ್ಕೆ ಮುಂಚೆ ಆಹ್ವಾನ ಪತ್ರಿಕೆಯ ಮೇಲೆ ಜಗಳ ನಡೆಯುವುದು ಹೊಸದಲ್ಲ. ಉದ್ಘಾಟನೆ ಯಾರದು, ಅಧ್ಯಕ್ಷತೆ ಯಾರದು, ಯಾರ ಹೆಸರು ಯಾರ ಹೆಸರಿಗಿಂತ ಮೇಲೆ ಬರಬೇಕು, ಯಾರ ಹೆಸರು ಬಿಟ್ಟುಹೋಗಿದೆ ಎಂದು ತಾಲ್ಲೂಕು ಕಚೇರಿಯಲ್ಲಿ ದನಿಗಳು ಏರುತ್ತವೆ. ಶಿಷ್ಟಾಚಾರ ಉಲ್ಲಂಘನೆ ಎಂದು ದೂರು ಹೋಗುತ್ತದೆ, ಕೆಲವೊಮ್ಮೆ ಕಾರ್ಡೇ ಮರುಮುದ್ರಣವಾಗುತ್ತದೆ. ಇಷ್ಟೆಲ್ಲ ಆದರೂ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ: ಅಂದು ಸನ್ಮಾನ ಪಡೆಯುವ ಕಲಾತಂಡವನ್ನು ಸಭೆಗೆ ಪರಿಚಯಿಸುವವರು ಯಾರು? ಆ ಮೈಕು ಯಾರ ಕೈಗೆ ಹೋಗಬೇಕು?

ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕುವವರ ಜೊತೆ ನನ್ನ ತಕರಾರಿದೆ. ಸನ್ಮಾನವೆಂದರೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ ಇಷ್ಟೇ ಆಗಿದ್ದರೆ ಅವನ್ನು ಮನೆಗೇ ಕಳಿಸಿಕೊಡಬಹುದಿತ್ತು. ಜನರ ಮುಂದೆ ಕರೆದು, ‘ಇವರು ಮಾಡಿದ್ದು ಇದು, ಇದಕ್ಕಾಗಿ ಇವರನ್ನು ಗೌರವಿಸುತ್ತಿದ್ದೇವೆ’ ಎಂದು ತಿಳಿದವರೊಬ್ಬರು ಹೇಳುವ ನಾಲ್ಕು ಮಾತಿನಲ್ಲೇ ಗೌರವ ಇರುವುದು. ಆ ಮಾತು ಪೊಳ್ಳಾದರೆ ಉಳಿಯುವುದು ಬರೀ ಶಾಲು.

ಲಿಂಗದಹಳ್ಳಿ ಹೋಬಳಿಯವರಿಗೆ ನಾನು ಹೇಳುತ್ತಿರುವುದು ಬೇಗ ಅರ್ಥವಾಗುತ್ತದೆ. ಕೆಮ್ಮಣ್ಣುಗುಂಡಿಯ ದಾರಿಯಲ್ಲಿ, ಕಲ್ಲತ್ತಿಗಿರಿಯ ನೀರು ಬಂಡೆಯಿಂದ ಇಳಿಯುವಲ್ಲೇ ವೀರಭದ್ರನ ಗುಡಿಯಿದೆ. ನಮ್ಮ ಕಡೆ ಜಾತ್ರೆಗೂ ವೀರಗಾಸೆ ಬೇಕು, ಗೃಹಪ್ರವೇಶಕ್ಕೂ ಬೇಕು, ಸರ್ಕಾರದ ಮೆರವಣಿಗೆಗಂತೂ ಬೇಕೇ ಬೇಕು. ತಾಲ್ಲೂಕಿನ ಯಾವುದೇ ಮೆರವಣಿಗೆಯನ್ನು ನೆನಪಿಸಿಕೊಳ್ಳಿ. ಬೆಳಗಿನ ಬಿಸಿಲಲ್ಲಿ ಕಾವಿ ಉಟ್ಟು, ತಲೆಗೆ ಬಿಳಿ ಜಟೆ ಕಟ್ಟಿ, ಎದೆಗೆ ವೀರಭದ್ರನ ಹಲಗೆ ಬಿಗಿದು, ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕತ್ತಿ ಹಿಡಿದ ಕಲಾವಿದರು ಸಂಬಾಳ ಕರಡೆಗಳ ಪೆಟ್ಟಿಗೆ ಹೆಜ್ಜೆ ಹಾಕುತ್ತ ಬಸ್ ಸ್ಟ್ಯಾಂಡಿನಿಂದ ವೇದಿಕೆಯವರೆಗೆ ಗಣ್ಯರನ್ನು ಕರೆತರುತ್ತಾರೆ. ಗಣ್ಯರು ಮೆಟ್ಟಿಲು ಹತ್ತಿ ಕುರ್ಚಿಯಲ್ಲಿ ಕೂರುತ್ತಾರೆ. ಮೇಳ ಶಾಮಿಯಾನದ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತ ನಿಲ್ಲುತ್ತದೆ. ಎರಡು ಗಂಟೆಯ ಭಾಷಣದ ನಂತರ ‘ಸಮಯದ ಅಭಾವದಿಂದ’ ಎಂಬ ಮಾತಿನೊಂದಿಗೆ ಆ ಮೇಳದ ಸರದಿ ಬರುತ್ತದೆ. ನಿರೂಪಕರು ಚೀಟಿ ನೋಡಿ ಮುಖ್ಯ ಕಲಾವಿದರ ಹೆಸರನ್ನು ತಪ್ಪಾಗಿ ಓದುತ್ತಾರೆ, ಸಂಬಾಳ ಬಾರಿಸುವವರ ಹೆಸರನ್ನು ಓದುವುದೇ ಇಲ್ಲ. ಶಾಲು ಹೊದಿಸುವ ಜನಪ್ರತಿನಿಧಿ ಕ್ಯಾಮೆರಾ ಕಡೆ ತಿರುಗುತ್ತಾರೆ. ಫೋಟೋ ಆಯಿತು, ಮುಂದಿನವರು ಬನ್ನಿ. ಗಣ್ಯರನ್ನು ವೇದಿಕೆಗೆ ಕರೆತಂದವರನ್ನು ವೇದಿಕೆಗೆ ಸರಿಯಾಗಿ ಕರೆಯುವವರು ಒಬ್ಬರೂ ಇಲ್ಲ.

ಬೇರೆ ದೇಶದಲ್ಲಿ ಇದೇ ಪ್ರಶ್ನೆ ದೊಡ್ಡ ಚರ್ಚೆಯಾಗುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ನೆಲೆಯಿರುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಸಂಸ್ಥೆ 1986ರಿಂದ ರಾಕ್ ಸಂಗೀತಗಾರರನ್ನು ಗೌರವಿಸುತ್ತ ಬಂದಿದೆ. ಮೊದಲ ಧ್ವನಿಮುದ್ರಣ ಹೊರಬಂದು 25 ವರ್ಷ ಕಳೆದವರಷ್ಟೇ ಅದಕ್ಕೆ ಅರ್ಹರು. ಅಲ್ಲಿ ಯಾವ ಬ್ಯಾಂಡಿಗೆ ಗೌರವ ಎಂಬುದರಷ್ಟೇ ಕಾವು ಆ ಬ್ಯಾಂಡನ್ನು ಸಭೆಗೆ ಪರಿಚಯಿಸುವವರು ಯಾರು ಎಂಬುದಕ್ಕೂ ಇರುತ್ತದೆ. ಬೀಟಲ್ಸ್ ತಂಡವನ್ನು 1988ರಲ್ಲಿ ಪರಿಚಯಿಸಿದವರು ರೋಲಿಂಗ್ ಸ್ಟೋನ್ಸ್‌ನ ಮಿಕ್ ಜಾಗರ್. ಒಂದೇ ಕಾಲದಲ್ಲಿ, ಒಂದೇ ದೇಶದಲ್ಲಿ ಪೈಪೋಟಿಗೆ ಬಿದ್ದು ಹಾಡಿದವರು ಎದುರಾಳಿಯ ಬಗ್ಗೆ ಆಡುವ ಮಾತಿಗೆ ಇರುವ ತೂಕ ಯಾವ ಗವರ್ನರ್‌ನ ಭಾಷಣಕ್ಕೂ ಬರುವುದಿಲ್ಲ.

ಕೆನಡಾದ ರಶ್ ಎಂಬ ಮೂವರ ತಂಡದ ಕಥೆ ಇನ್ನೂ ಚೆನ್ನಾಗಿದೆ. ಅರ್ಹತೆಯ ಅವಧಿ ದಾಟಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ತಂಡವನ್ನು ಹೊರಗೇ ನಿಲ್ಲಿಸಲಾಗಿತ್ತು, ಅಭಿಮಾನಿಗಳ ಸಿಟ್ಟು ಕುದಿಯುತ್ತಿತ್ತು. ಕೊನೆಗೆ 2013ರಲ್ಲಿ ಕರೆ ಬಂದಾಗ ಪರಿಚಯಿಸಲು ನಿಂತವರು ಫೂ ಫೈಟರ್ಸ್ ತಂಡದ ಡೇವ್ ಗ್ರೋಲ್ ಮತ್ತು ಟೇಲರ್ ಹಾಕಿನ್ಸ್. ಇಬ್ಬರೂ ಡ್ರಮ್ ಬಾರಿಸಿ ಬೆಳೆದವರು, ರಶ್ ತಂಡದ ನೀಲ್ ಪಿಯರ್ಟ್ ಡ್ರಮ್ ಲೋಕದ ಗುರುಸ್ಥಾನದಲ್ಲಿದ್ದವರು. ಅವರು ಮಾತಾಡಿ ಸುಮ್ಮನಾಗಲಿಲ್ಲ. ರಶ್ ತಂಡ 1970ರ ದಶಕದಲ್ಲಿ ತೊಡುತ್ತಿದ್ದ ಬಿಳಿ ನಿಲುವಂಗಿಯನ್ನೇ ತೊಟ್ಟು, ಉದ್ದ ಕೂದಲಿನ ಟೋಪನ್ ಹಾಕಿಕೊಂಡು, ಆ ತಂಡದ್ದೇ ಕಷ್ಟದ ಸಂಗೀತವೊಂದನ್ನು ಅದೇ ವೇದಿಕೆಯಲ್ಲಿ ನುಡಿಸಿದರು. ನಿಮ್ಮ ಸಂಗೀತವನ್ನು ನಾವು ಬೆರಳಿಗೆ ಇಳಿಸಿಕೊಂಡಿದ್ದೇವೆ ಎಂದು ತೋರಿಸಿಕೊಟ್ಟ ಪರಿಚಯ ಅದು.

ಇದರ ಎದುರಿಗೆ ಐದೇ ವರ್ಷದ ನಂತರ, 2018ರಲ್ಲಿ, ಡೈರ್ ಸ್ಟ್ರೇಟ್ಸ್ ತಂಡಕ್ಕೆ ಆದದ್ದನ್ನು ಇಟ್ಟು ನೋಡಬೇಕು. ಕೋಟ್ಯಂತರ ಜನ ಕೇಳಿದ ತಂಡ. ಮುಖ್ಯ ಗಾಯಕ ಮಾರ್ಕ್ ನಾಫ್ಲರ್ ಸಮಾರಂಭಕ್ಕೆ ಬರಲಿಲ್ಲ, ಅದು ಅವರಿಗೆ ಬಿಟ್ಟ ವಿಚಾರ. ಆದರೆ ತಂಡವನ್ನು ಪರಿಚಯಿಸುವುದಕ್ಕೂ ಹೊರಗಿನಿಂದ ಒಬ್ಬರೂ ಬರಲಿಲ್ಲ. ತಂಡದ ಬಾಸ್ ಗಿಟಾರ್ ವಾದಕ ಜಾನ್ ಇಲ್ಸ್‌ಲೀ ತಾವೇ ಮೈಕಿನ ಮುಂದೆ ನಿಂತು ತಮ್ಮ ತಂಡವನ್ನು ತಾವೇ ಬರಮಾಡಿಕೊಂಡರು. ಅಂದು ಇಡೀ ಸಮಾರಂಭ ಸಪ್ಪೆಯಾಗಿ ಕಂಡಿದ್ದು ಆ ಗಳಿಗೆಯಲ್ಲಿ. ಇಷ್ಟು ವರ್ಷ ಈ ಹಾಡು ಕೇಳಿ ಗಿಟಾರ್ ಹಿಡಿದವರಲ್ಲಿ ಒಬ್ಬರನ್ನೂ ಕರೆಯಲಾಗದ ಗೌರವ ಎಂಥ ಗೌರವ?

ಸಂಗೀತಗಾರರೇ ಆಗಿರಬೇಕು ಎಂಬ ಹಟ ನನಗಿಲ್ಲ. ಪರ್ಲ್ ಜಾಮ್ ತಂಡವನ್ನು 2017ರಲ್ಲಿ ನೀಲ್ ಯಂಗ್ ಪರಿಚಯಿಸಬೇಕಿತ್ತು. ಅವರು ಕಾಯಿಲೆ ಬಿದ್ದದ್ದರಿಂದ ಟಿವಿ ನಿರೂಪಕ ಡೇವಿಡ್ ಲೆಟರ್‌ಮನ್ ಬಂದರು. ತಂಡದ ಗಾಯಕ ಎಡ್ಡಿ ವೆಡ್ಡರ್ ಲೆಟರ್‌ಮನ್ ಅವರ ಪುಟ್ಟ ಮಗನಿಗೆ ಬರೆದಿದ್ದ ಪತ್ರವೊಂದನ್ನು ಲೆಟರ್‌ಮನ್ ವೇದಿಕೆಯಲ್ಲಿ ಓದಿದರು. ಅವರ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಆ ತಂಡ ನುಡಿಸಿತ್ತು, ಒಡನಾಟ ಇತ್ತು, ಮಾತಿಗೆ ಆಧಾರ ಇತ್ತು. ನನ್ನ ಬೇಡಿಕೆ ಇಷ್ಟೇ: ಬಲ್ಲವರು ಮಾತಾಡಲಿ.

ಇದನ್ನು ಕಲಿಯಲು ನಾವು ಕ್ಲೀವ್‌ಲ್ಯಾಂಡಿಗೆ ಹೋಗಬೇಕಾಗಿಲ್ಲ. ನಮ್ಮ ಬಯಲುಸೀಮೆಯ ಮೂಡಲಪಾಯದ ಆಟದಲ್ಲಿ ಸಾರಥಿ ಇದ್ದಾನೆ. ರಂಗಕ್ಕೆ ಬರುವ ಒಂದೊಂದು ಪಾತ್ರವನ್ನೂ ಅವನು ಎದುರುಗೊಳ್ಳುತ್ತಾನೆ, ಯಾರು, ಎಲ್ಲಿಂದ, ಏತಕ್ಕೆ ಎಂದು ವಿಚಾರಿಸುತ್ತಾನೆ, ಪಾತ್ರದ ಬಾಯಿಂದಲೇ ಅದರ ಹಿರಿಮೆಯನ್ನು ಹೊರಡಿಸುತ್ತಾನೆ. ಇಡೀ ಪ್ರಸಂಗ ಗೊತ್ತಿರುವವನಿಗಷ್ಟೇ ಆ ಕೆಲಸ. ಊರ ಗೌಡರು ದೊಡ್ಡವರು, ಆಟಕ್ಕೆ ಹಣ ಕೊಟ್ಟವರು ಎಂದು ಸಾರಥಿಯ ಜಾಗದಲ್ಲಿ ಅವರನ್ನು ಯಾರೂ ನಿಲ್ಲಿಸಲಿಲ್ಲ. ವೀರಗಾಸೆಯಲ್ಲೂ ಹಾಗೆಯೇ. ದಕ್ಷಯಜ್ಞದ ಕಥೆಯನ್ನು ಒಡಪಿನಲ್ಲಿ ಎತ್ತಿ ಹೇಳುವವರು ವರ್ಷಗಟ್ಟಲೆ ಹಿರಿಯರ ಹಿಂದೆ ನಿಂತು ಕೇಳಿ ಕಲಿತವರು. ಒಡಪು ಮುಗಿದಲ್ಲಿ ಸಂಬಾಳ ಹಿಡಿಯಬೇಕಾದ ಕ್ಷಣ ಅವರಿಗೆ ಗೊತ್ತು. ಯಾರು ಯಾರನ್ನು ಪರಿಚಯಿಸಬೇಕು ಎಂಬುದಕ್ಕೆ ಇಷ್ಟು ಶಿಸ್ತು ಇಟ್ಟುಕೊಂಡ ಕಲೆಗಳನ್ನು ಸನ್ಮಾನಿಸುವಾಗ ನಾವು ಆ ಶಿಸ್ತನ್ನೇ ಮರೆಯುತ್ತೇವೆ.

ಮರೆವಷ್ಟೇ ಇದರ ಕಾರಣವಲ್ಲ. ವೇದಿಕೆ ತನ್ನದು ಎಂಬ ಅಧಿಕಾರದ ಹಕ್ಕೊತ್ತಾಯವೂ ಇದೆ. ನಮ್ಮ ಜಿಲ್ಲೆಯಲ್ಲೇ ಅದು ಬೆತ್ತಲಾಗಿ ಕಂಡದ್ದು 2020ರ ಜನವರಿಯಲ್ಲಿ. ಶೃಂಗೇರಿಯಲ್ಲಿ ನಡೆಯಬೇಕಿದ್ದ ಜಿಲ್ಲಾ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಲೇಖಕ, ಪರಿಸರ ಹೋರಾಟಗಾರ ಕಲ್ಕುಳಿ ವಿಠಲ ಹೆಗ್ಡೆಯವರನ್ನು ಅಧ್ಯಕ್ಷರನ್ನಾಗಿ ಜಿಲ್ಲಾ ಸಾಹಿತ್ಯ ಪರಿಷತ್ತು ಆರಿಸಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದವರು ನಮ್ಮ ಜಿಲ್ಲೆಯವರೇ ಆದ ಸಿ.ಟಿ. ರವಿ. ಅವರು ಈ ಆಯ್ಕೆಯನ್ನು ವಿರೋಧಿಸಿದರು, ಸಮ್ಮೇಳನಕ್ಕೆ ಅನುದಾನ ಸಿಗಲಿಲ್ಲ. ಜನ ಕೈಯಿಂದ ಹಣ ಹಾಕಿ ಸಮ್ಮೇಳನ ಮಾಡಿದರು. ಎರಡು ದಿನದ ಸಮ್ಮೇಳನ ಎರಡನೆಯ ದಿನ ನಡೆಯಲಾಗಲಿಲ್ಲ. ಹೆಗ್ಡೆಯವರ ವಿಚಾರಗಳನ್ನು ಒಪ್ಪುವುದು ಬಿಡುವುದು ಬೇರೆ ಮಾತು. ‘ಇವರು ಏನು ಬರೆದಿದ್ದಾರೆ’ ಎಂಬ ಪ್ರಶ್ನೆಯನ್ನು ಆ ಗದ್ದಲದಲ್ಲಿ ಕೇಳಿದವರು ಎಷ್ಟು ಜನ?

ಮೈಸೂರು ದಸರಾದಲ್ಲಿ 2025ರಲ್ಲಿ ಆದದ್ದೂ ಇದೇ. ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರನ್ನು ಉದ್ಘಾಟನೆಗೆ ಕರೆದಾಗ ಅವರ ಧರ್ಮವನ್ನು ಮುಂದಿಟ್ಟು ವಿರೋಧ ಎದ್ದಿತು. ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು, ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ, ಸೆಪ್ಟೆಂಬರ್ 22ರಂದು ಅವರು ಉದ್ಘಾಟಿಸಿದರು. ಅದೇ ದಸರೆಯನ್ನು 2017ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್ ಉದ್ಘಾಟಿಸಿದ್ದನ್ನು ವಿರೋಧಿಸಿದವರು ಮರೆತಿದ್ದರು. ಮೈಕಿನ ಮುಂದೆ ಬರುವವರ ಜಾತಿ, ಧರ್ಮ, ಪಕ್ಷ ಮೊದಲು, ಕೆಲಸ ಆಮೇಲೆ ಎಂಬ ಲೆಕ್ಕ ತಾಲ್ಲೂಕಿನ ಆಹ್ವಾನ ಪತ್ರಿಕೆಯಿಂದ ಹಿಡಿದು ನಾಡಹಬ್ಬದವರೆಗೆ ಒಂದೇ ಆಗಿದೆ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತಿವೆ. ಹಣ ಸರ್ಕಾರದ್ದು, ಆದ್ದರಿಂದ ಜನಪ್ರತಿನಿಧಿ ಮಾತಾಡಬೇಕು ಎನ್ನುತ್ತಾರೆ. ಹಣ ಜನರದ್ದು, ಜನಪ್ರತಿನಿಧಿ ಅಧ್ಯಕ್ಷತೆ ವಹಿಸಲಿ, ಶಾಲು ಹೊದಿಸಲಿ, ಯಾರೂ ಬೇಡವೆನ್ನುವುದಿಲ್ಲ. ಪರಿಚಯದ ಐದು ನಿಮಿಷವನ್ನು ಮಾತ್ರ ಬಲ್ಲವರಿಗೆ ಬಿಟ್ಟುಕೊಡಲಿ. ಸಿನಿಮಾ ನಟರೋ ಟಿವಿಯವರೋ ಪರಿಚಯಿಸಿದರೆ ಜನ ಸೇರುತ್ತಾರೆ ಎನ್ನುವವರಿದ್ದಾರೆ. ಸೇರುತ್ತಾರೆ, ನಟರನ್ನು ನೋಡಿ ಹೋಗುತ್ತಾರೆ, ಮೇಳ ಮತ್ತೆ ಶಾಮಿಯಾನದ ಪಕ್ಕದಲ್ಲೇ ಉಳಿಯುತ್ತದೆ. ಕಲಾವಿದರಿಗೆ ಭಾಷಣ ಬರುವುದಿಲ್ಲ ಎಂಬ ಮಾತನ್ನಂತೂ ನಾನು ಕೇಳಲೂ ಸಿದ್ಧನಿಲ್ಲ. ಜೋಗತಿ ಮಂಜಮ್ಮನವರನ್ನು ನೋಡಿದ ಮೇಲೂ ಹಾಗೆ ಹೇಳಲು ಬಾಯಿ ಹೇಗೆ ಬರುತ್ತದೆ? ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು. 2021ರಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನದಲ್ಲಿ ನಡೆದು ಬಂದು, ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದು ಹರಸಿದ್ದನ್ನು ದೇಶವೇ ನೋಡಿತು. ಶಿಷ್ಟಾಚಾರದ ಆ ಮನೆಯಲ್ಲಿ ಜೋಗತಿಯರ ನಡೆಯನ್ನು ತಂದು ನಿಲ್ಲಿಸಿದರು. ವೇದಿಕೆ ಏನೆಂದು ಕಲಾವಿದರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ರಾಕ್ ಬ್ಯಾಂಡುಗಳ ವಿಚಾರಕ್ಕೂ ಇದು ಅನ್ವಯಿಸುತ್ತದೆ. ರಘು ದೀಕ್ಷಿತ್ ಅವರ ತಂಡ ಶಿಶುನಾಳ ಶರೀಫರ ಪದಗಳನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡಿ ಹೊರದೇಶಗಳ ವೇದಿಕೆಗೆ ಒಯ್ದಿತು. ಅಂಥ ತಂಡಕ್ಕೆ ನಾಳೆ ಸನ್ಮಾನವಾಗುವುದಾದರೆ ಪರಿಚಯಿಸಬೇಕಾದವರು ಯಾರು? ಉದ್ಯಮಿಯೋ ಮಂತ್ರಿಯೋ ಬಂದು ‘ಯುವಜನರ ನೆಚ್ಚಿನ ತಂಡ’ ಎಂದು ಹೇಳಿ ಹೋಗುವುದರಿಂದ ಏನೂ ಸಿಗುವುದಿಲ್ಲ. ಶರೀಫರ ಪದಗಳನ್ನು ಏಕತಾರಿ ಹಿಡಿದು ಹಾಡುವ ಹಾವೇರಿ ಸೀಮೆಯ ತತ್ವಪದಕಾರರೊಬ್ಬರು ಬಂದು ‘ನಮ್ಮ ಪದ ಇವರ ಕೈಯಲ್ಲಿ ಹೀಗಾಯಿತು’ ಎಂದು ಹೇಳಲಿ. ಮೆಚ್ಚದಿದ್ದರೆ ಅದನ್ನೂ ಹೇಳಲಿ. ಆಗ ಆ ಸಭೆಯಲ್ಲಿ ಕೂತ ಹುಡುಗ ಹುಡುಗಿಯರಿಗೆ ತಾವು ಕೇಳುತ್ತಿರುವ ಹಾಡು ಎಲ್ಲಿಂದ ಹೊರಟು ಎಲ್ಲಿಗೆ ಬಂದಿದೆ ಎಂಬುದು ತಿಳಿಯುತ್ತದೆ. ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಕಟ್ಟಿ ಕೀಬೋರ್ಡ್ ನುಡಿಸುತ್ತಿರುವ ಕಡೂರು, ಅಜ್ಜಂಪುರ, ತರೀಕೆರೆಯ ಹುಡುಗರಿಗೂ ಒಂದು ದಿನ ತಮ್ಮ ಹೆಸರನ್ನು ಬಲ್ಲವರು ಕರೆದಾರು ಎಂಬ ಭರವಸೆ ಬರುತ್ತದೆ.

ಆದ್ದರಿಂದ ನಮ್ಮ ಮೂರೂ ತಾಲ್ಲೂಕುಗಳ ತಹಶೀಲ್ದಾರರಿಗೆ, ರಾಜ್ಯೋತ್ಸವ ಸಮಿತಿಗಳಿಗೆ, ಕನ್ನಡ ಸಾಹಿತ್ಯ ಪರಿಷತ್ತಿನ ಘಟಕಗಳಿಗೆ ನನ್ನ ಒತ್ತಾಯ ಇದು. ಬರುವ ನವೆಂಬರ್ 1ಕ್ಕೆ ಸನ್ಮಾನಿತರ ಪಟ್ಟಿ ಅಂತಿಮವಾದ ದಿನವೇ ಪ್ರತಿ ಕಲಾವಿದರಿಗೂ, ಪ್ರತಿ ಮೇಳದ ಹಿರಿಯರಿಗೂ ಫೋನ್ ಮಾಡಿ. ‘ನಿಮ್ಮನ್ನು ಸಭೆಗೆ ಪರಿಚಯಿಸಲು ಯಾರು ಬರಬೇಕು’ ಎಂದು ಕೇಳಿ. ಅವರು ಹೇಳಿದ ಹೆಸರು ಪಕ್ಕದ ಊರಿನ ಮೇಳದ ಮುದುಕರದ್ದಾಗಿರಲಿ, ಕಲಿಸಿದ ಗುರುಗಳದ್ದಾಗಿರಲಿ, ಜೊತೆಗೆ ಸಂಬಾಳ ಬಾರಿಸಿದವರದ್ದಾಗಿರಲಿ, ಅದನ್ನು ಆಹ್ವಾನ ಪತ್ರಿಕೆಯಲ್ಲಿ ಗಣ್ಯರ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಮುದ್ರಿಸಿ. ಅವರಿಗೆ ಐದು ನಿಮಿಷ ಕೊಡಿ, ಬಸ್ ಚಾರ್ಜು ಕೊಡಿ. ಮೇಳದಲ್ಲಿರುವ ಎಲ್ಲರ ಹೆಸರನ್ನೂ ಅವರೇ ಓದಲಿ. ಭಾಷಣಗಳು ಅದಾದ ಮೇಲೆ ನಡೆಯಲಿ.